ಕಾಲುಚೀಲ ತೊಟ್ಟ ಅಡಿಪಟ್ಟಿ

ನಾನು ಕಂಡೇ ಇರದ ಅಕ್ಕನಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ, ನಾನು ಯಾರೆಂದು ನಿಮಗೂ ಗೊತ್ತಿಲ್ಲ. ಈ ಟೀಚರಮ್ಮನ ಮನೆಯ ಧೂಳನ್ನು ಹನ್ನೊಂದು ವರ್ಷ ನೀವು ಒರೆಸಿದಿರಿ. ಮೊಣಕಾಲು ಕೈಕೊಟ್ಟ ಮೇಲೆ ತಂಗಿಯ ಮನೆಗೆ ಹೋದಿರಿ. ಎರಡು ತಿಂಗಳಿಂದ ನಾನು ಒರೆಸುತ್ತಿದ್ದೇನೆ. ನಿಮ್ಮ ವಿಳಾಸವನ್ನು ಟೀಚರಮ್ಮನ ಹತ್ತಿರ ಕಾಡಿ ಬೇಡಿ ಇಸಿದುಕೊಂಡೆ, ಯಾಕೆಂದರೆ ನಿಮ್ಮನ್ನು ಕೇಳುವುದು ಬೇಕಾದಷ್ಟಿದೆ.

ಮೊದಲ ದಿನ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದ್ದ ನಿಮ್ಮ ಚೀಲ ಬಿಚ್ಚಿ ನೋಡಿ ನಕ್ಕುಬಿಟ್ಟೆ. ಒಂದು ಅಡಿಪಟ್ಟಿಗೆ ಮಗುವಿನ ಕಾಲುಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಿರಿ. ಬಣ್ಣ ಬಳಿಯುವ ಸಣ್ಣ ಕುಂಚ, ಅದರ ಹಿಡಿಕೆ ಬೇಕೆಂದೇ ಬಗ್ಗಿಸಿದ ಹಾಗಿತ್ತು. ಒತ್ತಿದರೆ ಪುಸ್ಸೆಂದು ಗಾಳಿ ಬಿಡುವ ರಬ್ಬರ್ ಬುರುಡೆ. ಹಳೆಯ ದಿಂಬಿನ ಚೀಲ. ಹಿಡಿಗೆ ದಾರ ಸುತ್ತಿದ ಒಂದು ಶೇವಿಂಗ್ ಬ್ರಷ್. ಅಯ್ಯೋ, ಈ ಹೆಂಗಸು ಮನೆ ಒರೆಸುತ್ತಿದ್ದಳೋ, ಗೊಂಬೆಯಾಟ ಆಡುತ್ತಿದ್ದಳೋ ಅಂದುಕೊಂಡೆ. ಮರುದಿನವೇ ನನ್ನ ಸರಂಜಾಮು ತಂದೆ: ಕೋಳಿಯ ಪುಕ್ಕದ ಹಾಗೆ ಉಬ್ಬಿದ ಉದ್ದ ಕೋಲಿನ ಡಸ್ಟರ್, ಮೈಕ್ರೋಫೈಬರ್ ಬಟ್ಟೆ, ನಿಂಬೆ ವಾಸನೆಯ ಸ್ಪ್ರೇ. ಆರು ಮನೆಗಳಲ್ಲಿ ಹೆಸರು ತೆಗೆದುಕೊಂಡವಳು ನಾನು, ಸುಮ್ಮನಲ್ಲ.

ಟೀಚರಮ್ಮನ ಯಜಮಾನರ ವಿಷಯ ನಿಮಗೆ ನಾನೇನು ಹೇಳುವುದು. ಕಣ್ಣು ಪೂರ್ತಿ ಹೋಗಿದ್ದರೂ ಅವರು ಕೈಯಲ್ಲೇ ತಡವಿ, ಕಿವಿಯಲ್ಲೇ ಕೇಳಿ ರೇಡಿಯೋ ರಿಪೇರಿ ಮಾಡುವುದನ್ನು ನಾನು ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮೊದಲ ತಿಂಗಳು ಅವರು ನನ್ನನ್ನು ಆ ರಿಪೇರಿ ರೂಮಿನೊಳಗೆ ಬಿಡಲಿಲ್ಲ. ಕಡೆಗೆ ಟೀಚರಮ್ಮನೇ, ಅವರು ಡಾಕ್ಟರ ಹತ್ತಿರ ಹೋಗಿದ್ದಾಗ, ಒಳಗೆ ಧೂಳು ಅಂಗುಲ ದಪ್ಪ ಕೂತಿದೆ ಎಂದು ಬಾಗಿಲು ತೆಗೆದುಕೊಟ್ಟರು. ಸಿಕ್ಕಿದ್ದೇ ಅವಕಾಶ ಎಂದು ನಾನು ಎಲ್ಲವನ್ನೂ ಎತ್ತಿದೆ, ಒರೆಸಿದೆ, ಸ್ಪ್ರೇ ಹೊಡೆದೆ, ಕಣ್ಣಿಗೆ ಚೆಂದ ಕಾಣುವ ಹಾಗೆ ಜೋಡಿಸಿಟ್ಟೆ. ಸ್ಕ್ರೂ ತುಂಬಿದ ಬಾಟಲಿ ಮುಚ್ಚಳಗಳನ್ನು ದೊಡ್ಡದು, ಚಿಕ್ಕದು ಅಂತ ಸಾಲಾಗಿ ಇಟ್ಟೆ. ಯಾರ ಕಣ್ಣಿಗೆ ಚೆಂದ ಎಂದು ಯೋಚಿಸಲೇ ಇಲ್ಲ ಅಕ್ಕ.

ಬೆಸುಗೆ ಹಾಕುವ ಕಡ್ಡಿಯ ಸ್ಟ್ಯಾಂಡು ನಾಲ್ಕು ಬೆರಳು ಈಚೆ ಬಂದಿತ್ತು. ಸಂಜೆ ಯಜಮಾನರು ಅದರಲ್ಲಿದ್ದ ಕಡ್ಡಿಗೆ ಸ್ವಿಚ್ ಹಾಕಿ ಕಾಯಲು ಬಿಟ್ಟು, ತಂತಿ ಇರುವಲ್ಲಿ ಎಂದು ಕೈ ಚಾಚಿದರು. ಬಲಗೈ ಅಂಗೈ ಸುಟ್ಟಿತು. ಟೀಚರಮ್ಮ ಅತ್ತರು, ಆಮೇಲೆ ಒಂದು ಬೀಗ ತಂದು ಮೇಜಿನ ಮೇಲಿಟ್ಟರು. ಶನಿವಾರದಿಂದ ಆ ರೂಮಿಗೆ ಬೀಗ, ಇನ್ನು ರಿಪೇರಿ ಗಿಪೇರಿ ಬೇಡ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಜಮಾನರು ಮಾತ್ರ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ಆ ರೂಮಿನ ಕಡೆಗೇ ಹೋಗದೆ ಕೂತರು.

ಗುರುವಾರ ನಿಮ್ಮ ಚೀಲ ಮತ್ತೆ ಬಿಚ್ಚಿದೆ. ಕುತೂಹಲ ನನ್ನ ಹುಟ್ಟುಗುಣ, ಅದಕ್ಕೆ ಬೈಸಿಕೊಂಡದ್ದೂ ಉಂಟು. ಕಾಲುಚೀಲದ ಅಡಿಪಟ್ಟಿಯನ್ನು ಎರಡು ರೇಡಿಯೋಗಳ ನಡುವಿನ ಸಂದಿಗೆ ತೂರಿಸಿದೆ. ಅಚ್ಚುಕಟ್ಟಾಗಿ ಹೋಯಿತು, ಧೂಳು ಹೊತ್ತು ಬಂತು, ಯಾವುದೂ ಅಲುಗಲಿಲ್ಲ. ಬಗ್ಗಿದ ಕುಂಚ ಕರೆಂಟ್ ಅಳೆಯುವ ಮೀಟರಿನ ಹಿಂದಕ್ಕೆ ತಾನಾಗಿ ಬಳಸಿಕೊಂಡು ಹೋಯಿತು. ಗಾಳಿಬುರುಡೆ ಇರುವುದು ರೇಡಿಯೋ ಹೊಟ್ಟೆಯೊಳಗಿನ ಧೂಳಿಗೆ. ಫ್ಯಾನಿನ ರೆಕ್ಕೆಗೆ ದಿಂಬಿನ ಚೀಲ ತೊಡಿಸಿ ಎಳೆದರೆ ಕಸವೆಲ್ಲ ಒಳಗೇ ಉಳಿದು, ಕೆಳಗಿನ ಮೇಜಿನ ಮೇಲೆ ಒಂದು ಚೂರೂ ಬೀಳಲಿಲ್ಲ. ನೀವು ಒಂದು ವಸ್ತುವನ್ನೂ ಎತ್ತದೆ ಹನ್ನೊಂದು ವರ್ಷ ಧೂಳು ತೆಗೆದಿದ್ದಿರಿ!

ಆದರೆ ಶೇವಿಂಗ್ ಬ್ರಷ್ ಯಾತಕ್ಕೆಂದು ತಿಳಿಯಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ, ಯಾವ ವಸ್ತು ಎಲ್ಲಿತ್ತೆಂದು ಹೇಳಬಹುದಾಗಿದ್ದ ಧೂಳಿನ ಗುರುತುಗಳನ್ನೆಲ್ಲ ನಾನೇ ಉಜ್ಜಿ ತೆಗೆದಿದ್ದೆ. ಕಡೆಗೆ ಧೈರ್ಯ ಮಾಡಿ ಯಜಮಾನರ ಮುಂದೆ ಹೋಗಿ, ತಪ್ಪು ನನ್ನದು, ಸರಿಮಾಡಲೂ ಬರುತ್ತಿಲ್ಲ ಎಂದೆ. ಅವರು ಕೇಳಿದರು: "ಚೀಲದಲ್ಲಿ ದಾರ ಸುತ್ತಿದ ಬ್ರಷ್ ಇದೆಯಾ?"

ತಂದು ಎಡಗೈಗೆ ಕೊಟ್ಟೆ. ಬೆರಳಿಂದ ದಾರ ಸವರಿ ನೋಡಿ ನಕ್ಕರು. ಮೂರು ದಿನದಲ್ಲಿ ಅದೇ ಮೊದಲ ನಗು.

"ಇದು ಅವಳದಲ್ಲಮ್ಮ, ನನ್ನದು. ಕಣ್ಣು ಹೋದ ವರ್ಷ ಅವಳೇ ಕೈಗಿಟ್ಟು, ಮೇಜು ನಿಮ್ಮದು, ನೀವೇ ಒರೆಸಿಕೊಳ್ಳಿ, ನನಗೆ ಪುರುಸೊತ್ತಿಲ್ಲ ಅಂದಿದ್ದಳು."

ಪುರುಸೊತ್ತಿಲ್ಲವಂತೆ! ಎಂಥ ಸುಳ್ಳಿ ನೀವು. ಮೇಜು ಒರೆಸುತ್ತಾ ಒರೆಸುತ್ತಾ ಅವರ ಕೈ ಅದನ್ನು ಬಾಯಿಪಾಠ ಮಾಡಲಿ ಎಂದಲ್ಲವೇ ಕೊಟ್ಟಿದ್ದು? ನನಗೆ ಗೊತ್ತಾಯಿತು ಬಿಡಿ.

ಅವರು ಎಡಗೈಯಲ್ಲೇ ಮೇಜಿನ ಅಂಚಿನಿಂದ ಬ್ರಷ್ ಆಡಿಸುತ್ತಾ ಹೋದರು. ಒಂದೊಂದು ಮುಚ್ಚಳ ಎದುರಾದಾಗ ನಿಂತು, ತಡವಿ, ಇದು ಇಲ್ಲಿ ಅಲ್ಲ ಎಂದು ಜರುಗಿಸಿದರು. ಬೆಸುಗೆಯ ಸ್ಟ್ಯಾಂಡು ನಾಲ್ಕು ಬೆರಳು ಆಚೆ ಹೋಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಟೀಚರಮ್ಮ, ಕೈಯಲ್ಲಿ ಬೀಗ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು, ಚೀಲದಿಂದ ಅಡಿಪಟ್ಟಿ ತೆಗೆದು, ಇದನ್ನು ಹೇಗೆ ಹಿಡಿಯಬೇಕು ಎಂದು ನನ್ನನ್ನು ಕೇಳಿದರು. ಬೀಗ ಈಗ ಹಿತ್ತಿಲ ಬಾಗಿಲಿಗೆ ಹೋಗಿದೆ.

ನನ್ನ ಪುಕ್ಕದ ಡಸ್ಟರ್ ಪಕ್ಕದ ಮನೆಯ ಬೆಕ್ಕಿಗೆ ಆಟಕ್ಕೆ ಬಂತು. ಕಾಲುಚೀಲ ಸವೆದಿದೆ, ನನ್ನ ಮಗಳ ಚಿಕ್ಕಂದಿನದೊಂದು ತೊಡಿಸಿದ್ದೇನೆ. ನೀವು ತೊಡಿಸಿದ್ದು ಯಾವ ಮಗುವಿನದು ಅಕ್ಕ? ಅದೊಂದನ್ನು ಬರೆದು ತಿಳಿಸಿ.

ನಿಮ್ಮ ಮೊಣಕಾಲಿಗೆ ಆರಾಮವಾಗಲಿ, ನೀವು ಕೂತಲ್ಲಿಗೇ ಎಲ್ಲರೂ ಎಲ್ಲವನ್ನೂ ತಂದುಕೊಡುವಂತಾಗಲಿ. ಈ ಕಾಗದದ ಜೊತೆ ಒಂದು ಹೊಸ ಶೇವಿಂಗ್ ಬ್ರಷ್ ಇದೆ. ಕಳಿಸಲು ಹೇಳಿದವರು ಯಜಮಾನರು, ದಾರ ಸುತ್ತಿದ್ದೂ ಅವರೇ, ಸುಟ್ಟ ಕೈಯಿಂದ. ನಿಮಗೂ ಈಗ ಪುರುಸೊತ್ತಿದೆಯಲ್ಲ, ನಿಮ್ಮ ಮೇಜು ನೀವೇ ಒರೆಸಿಕೊಳ್ಳಬೇಕಂತೆ.

ನಿಮ್ಮ ಮೊಳೆಗೇ ನಿಮ್ಮ ಚೀಲವನ್ನು ದಿನಾ ನೇತುಹಾಕುವ
ತಂಗಿ