ಹನ್ನೊಂದು ಮನೆಗಳ ಕೂಸು

ಟೊಲಿಡೊ, ಮಾಮೀ ನದಿಯ ಪೂರ್ವದಂಡೆ
ಇಸವಿ ೨೧೫೮, ಹದಿಮೂರನೆಯ ತಿಂಗಳು, ಆರನೆಯ ದಿನ

ಪೂಜ್ಯ ವಿಶಾಲಾಕ್ಷಿ ಮುತ್ತಜ್ಜಿಗೆ,

ಮೇಲಿನ ತಾರೀಖು ಕಂಡು ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ. ಇಪ್ಪತ್ತೆಂಟು ದಿನಕ್ಕೊಂದು ತಿಂಗಳು ಮಾಡಿದರೆ ವರ್ಷಕ್ಕೆ ಇನ್ನೊಂದು ಬಾಡಿಗೆ ಸಿಗುತ್ತದೆಂದು ಮನೆ ಒಡೆತನದ ಸಂಸ್ಥೆಗಳು ಲೆಕ್ಕ ಹಾಕಿದವು. ಮೊದಲು ಕರಾರುಪತ್ರ ಬದಲಾಯಿತು, ಆಮೇಲೆ ಶಾಲೆ, ಸಂಬಳ, ಹಬ್ಬಗಳೆಲ್ಲ ಅದರ ಹಿಂದೆ ಹೋದವು. ನನ್ನ ಕನ್ನಡವನ್ನೂ ಕ್ಷಮಿಸಿ. ನೀವು ಹುಬ್ಬಳ್ಳಿಯಿಂದ ತಂದ ಮಾತು ನಾಲ್ಕು ತಲೆಮಾರು ದಾಟಿ ನನ್ನ ಬಾಯಿಗೆ ಬಂದಿದೆ, ಬರವಣಿಗೆ ಮಾತ್ರ ಹಳೆಯ ಪುಸ್ತಕಗಳಿಂದ ಕಲಿತದ್ದು. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಕಾಗದ ಕೈಸೇರುವ ಹೊತ್ತಿಗೆ ನಿಮಗೆ ಮೂವತ್ತೊಂದು, ಬರೆಯುತ್ತಿರುವ ನನಗೆ ನಲವತ್ತಾರು. ಆದರೂ ಹೆಸರು ಹಿಡಿದು ಕರೆಯಲು ನಾಲಿಗೆ ಏಳದು.

ನೀವು ಬಾಡಿಗೆಗಿದ್ದ ಇದೇ ಊರಿನಲ್ಲಿ ನಾನೂ ಬಾಡಿಗೆಗಿದ್ದೇನೆ. ಇಲ್ಲಿ ಸ್ವಂತ ಮನೆ ಇರುವವರನ್ನು ನಾನು ಕಂಡಿಲ್ಲ. ದಕ್ಷಿಣದ ಮರಳುಸೀಮೆಯ ಊರುಗಳಲ್ಲಿ ನೀರು ಬತ್ತಿದ ಮೇಲೆ ಜನ ಸರೋವರ ಹುಡುಕಿಕೊಂಡು ಉತ್ತರಕ್ಕೆ ಬಂದರು. ಊರು ಹಿಗ್ಗಲಿಲ್ಲ, ಜನ ಮಾತ್ರ ಮೂರುಪಟ್ಟಾದರು. ಬಾಡಿಗೆ ಏರಿದ್ದಕ್ಕೆ ಇದಷ್ಟೇ ಕಾರಣವಾಗಿದ್ದರೆ ಸಹಿಸಬಹುದಿತ್ತು. ನಮ್ಮನ್ನು ಹೆದರಿಸುವುದು ಬೇರೆಣಿಕೆ. ಒಬ್ಬ ಬಾಡಿಗೆದಾರನಿಗೆ ಮನೆ ಬಿಟ್ಟು ಹೋಗುವುದು ಎಷ್ಟು ಕಷ್ಟ ಎಂಬುದನ್ನು ಅಳೆಯುವ ಅಂಕಿ ಅದು. ಬೇರು ಇಳಿದಷ್ಟೂ ಅಂಕಿ ಏರುತ್ತದೆ, ಅಂಕಿ ಏರಿದಷ್ಟೂ ಬಾಡಿಗೆ ಏರುತ್ತದೆ. ಬಿಟ್ಟು ಹೋಗಲಾರದವನು ಕೇಳಿದಷ್ಟು ಕೊಟ್ಟೇ ಕೊಡುತ್ತಾನೆ ತಾನೆ? ಗೋಡೆಗಳೊಳಗೆ ಗೋಡೆಗಿವಿ ಎಂಬ ಸಾಧನಗಳಿವೆ. ಅವು ಮಾತಿನ ಅರ್ಥ ಹಿಡಿಯಬಾರದೆಂದು ಕಾನೂನಿದೆ. ಆದರೆ ಎಷ್ಟು ಜನರ ಉಸಿರು, ಯಾರ ಹೆಜ್ಜೆ, ಯಾವ ಬಾಗಿಲಿನಿಂದ ಯಾವ ಬಾಗಿಲಿಗೆ ಎಂದು ಎಣಿಸಬಹುದು. ತಿಂಗಳ ಮೊದಲ ದಿನ ಮರುಬೆಲೆ. ಅಂದು ಬೆಳಿಗ್ಗೆ ಪ್ರತಿ ಬಾಗಿಲ ಮೇಲೂ ಹೊಸ ಮೊತ್ತ ಮೂಡುತ್ತದೆ.

ಹೀಗಾಗಿ ನಾವು ಹಗುರಬಾಳು ಕಲಿತೆವು. ಯಾವ ಕ್ಷಣದಲ್ಲೂ ಎದ್ದು ಹೊರಡುವವರಂತೆ ಬದುಕುವ ಅಭ್ಯಾಸಕ್ಕೆ ಈ ಹೆಸರು. ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಕುಂಡದಲ್ಲಿ ಗಿಡ ಇಡುವುದಿಲ್ಲ. ಕೊತ್ತಂಬರಿ ಪರವಾಗಿಲ್ಲ, ಕರಿಬೇವು ಬೇಡ. ಪೆಟ್ಟಿಗೆಗಳನ್ನು ಬಾಗಿಲ ಬಳಿಯೇ ಇಟ್ಟಿರುತ್ತೇವೆ. ಮೆಟ್ಟಿಲಲ್ಲಿ ಎದುರಾದ ನೆರೆಯವರಿಗೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ನಾನು ಸರೋವರದ ನೀರು ಪರೀಕ್ಷಿಸುವ ಕೇಂದ್ರದಲ್ಲಿ ಕೆಲಸ ಮಾಡುವವಳು. ಗಂಡ ಇಂದುಧರ, ಒಂಬತ್ತು ವರ್ಷದ ಮಗಳು ಮಿಂಚು, ನಾನು, ಮೂವರೂ ಹಳೆಯ ಗಾಜಿನ ಕಾರ್ಖಾನೆಯ ಹಿಂದಿನ ಹನ್ನೊಂದು ಮನೆಗಳ ಕಟ್ಟಡದಲ್ಲಿ ಆರು ವರ್ಷ ಹೀಗೆ ಕಳೆದೆವು. ಕೆಳಗಿನ ಮನೆಯವಳು ಕನ್ನಡದವಳೆಂಬುದು ನನಗೆ ಗೊತ್ತಾದದ್ದೇ ಐದನೆಯ ವರ್ಷದಲ್ಲಿ.

ಅವಳ ಹೆಸರು ಗಂಗಾಂಬಿಕೆ. ಗಂಡ ಸರೋವರದ ಸರಕುಹಡಗಿನಲ್ಲಿದ್ದ, ಎಂಟು ತಿಂಗಳು ನೀರಿನ ಮೇಲೆಯೇ. ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಅವಳು ಕಂಬಿ ಹಿಡಿದು ಕೂತಿದ್ದಳು. ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದೆ. ನೋವಿನಲ್ಲಿ ಅವಳ ಬಾಯಿಂದ "ಅಯ್ಯ ಯವ್ವಾ" ಎಂದು ಬಂತು. ನಾನು ಪಕ್ಕದಲ್ಲಿ ಕೂತೆ. ದೊಗಲೆ ಅಂಗಿಯ ಕೆಳಗೆ ಏಳು ತಿಂಗಳ ಬಸಿರು. ಕಾನೂನಿದ್ದರೂ ಗೋಡೆಗಳನ್ನು ನಂಬದೆ, ಹೊರಗೆ ಹೋಗಿ ಮಾತಾಡೋಣ ಎಂದು ಸನ್ನೆ ಮಾಡಿದಳು. ನದಿಯ ದಂಡೆಯಲ್ಲಿ ಎಲ್ಲ ಹೇಳಿದಳು. ಕೂಸು ಇರುವ ತಾಯಿ ಮನೆ ಬದಲಿಸುವುದಿಲ್ಲವೆಂದು ಬೇರೆಣಿಕೆಗೆ ಗೊತ್ತು, ಹುಟ್ಟಿದ ತಿಂಗಳೇ ಬಾಡಿಗೆ ಇಮ್ಮಡಿ ಆಗುತ್ತದೆ. ಗಂಡ ಬರುವವರೆಗೆ ಅವಳಿಂದ ಅದು ಸಾಧ್ಯವಿರಲಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಾಯಿತು. ಆಸ್ಪತ್ರೆಯ ದಾಖಲೆ ಕೇಳುವ ಹಕ್ಕು ಸಂಸ್ಥೆಗಿರಲಿಲ್ಲ, ಅಳುವನ್ನು ಕೇಳುವ ಹಕ್ಕಿತ್ತು. ಒಂದು ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಇದ್ದವರು ಅತಿಥಿ, ಹೆಚ್ಚು ಇದ್ದವರು ನಿವಾಸಿ ಎಂಬುದು ನಿಯಮ. ಇದನ್ನು ಹಿಡಿದುಕೊಂಡವಳು ಮೇಲಿನ ಮಹಡಿಯ ಆರ್ಲೀನ್ ಎಂಬ ಮುದುಕಿ, ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ಇಪ್ಪತ್ತನಾಲ್ಕು ಗಂಟೆಯನ್ನು ಹನ್ನೊಂದು ಮನೆಗೆ ಹಂಚಿದರೆ ಒಂದೊಂದು ಮನೆಗೆ ಎರಡು ಗಂಟೆ ಚಿಲ್ಲರೆ, ಕೂಸು ಎಲ್ಲೆಲ್ಲೂ ಅತಿಥಿಯೇ ಆಗುತ್ತದೆ ಎಂದಳು. ಅವಳೇ ಒಂದೊಂದು ಬಾಗಿಲು ತಟ್ಟಿ ಜನರನ್ನು ಹೊರಗೆ ಕರೆದು ಕೇಳಿದಳು. ಒಬ್ಬರೂ ಒಲ್ಲೆ ಅನ್ನಲಿಲ್ಲ. ಇಂದಿಗೂ ನನಗೆ ಅದು ಅಚ್ಚರಿ.

ಹೀಗೆ ಗಂಗಾಂಬಿಕೆಯ ಮಗಳು ಹೊನ್ನಿ ಹನ್ನೊಂದು ಮನೆಗಳಲ್ಲಿ ಬೆಳೆಯತೊಡಗಿದಳು. ನಮ್ಮ ಪಾಳಿ ಬೆಳಿಗ್ಗೆ ಆರರಿಂದ ಎಂಟೂಕಾಲು. ಇಂದುಧರ ಅವಳನ್ನು ತೋಳಿನಲ್ಲಿ ಹಾಕಿಕೊಂಡು ಕಿಟಕಿಯ ಬಳಿ ನಿಂತಿರುತ್ತಿದ್ದ. ಆರು ವರ್ಷದಲ್ಲಿ ಒಮ್ಮೆಯೂ ಹಾಡದವನು ಹಾಡುತ್ತಿದ್ದ. ಮಿಂಚು ಶಾಲೆಯಿಂದ ಬಂದವಳು ಕೂಸು ಈಗ ಯಾರ ಮನೆಯಲ್ಲಿದೆ ಎಂದು ಕೇಳಿ ಅಲ್ಲಿಗೆ ಓಡುತ್ತಿದ್ದಳು. ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಅದು ಅತ್ತಾಗಲೆಲ್ಲ ಗೋಡೆಯ ಕಡೆ ನೋಡುತ್ತಿದ್ದೆ. ಗಡಿಯಾರ ಎಂಟೂಕಾಲು ದಾಟಿದರೆ ಕೂಸನ್ನು ನಾನೇ ಎತ್ತಿಕೊಂಡು ಮುಂದಿನ ಮನೆಯ ಬಾಗಿಲು ತಟ್ಟುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಗುಟ್ಟಾಗಿ ಇಟ್ಟುಕೊಂಡ ನಿವಾಸಿಯ ಸುಳಿವು ಕೊಟ್ಟವರಿಗೆ ಒಂದು ತಿಂಗಳ ಬಾಡಿಗೆ ಮಾಫಿ. ಸುಳಿವಿನ ಗುಂಡಿ ಬಾಗಿಲ ಒಳಬದಿಯಲ್ಲೇ ಇರುತ್ತದೆ. ಕೂಸಿನ ಮೂರನೆಯ ತಿಂಗಳಲ್ಲಿ ಒಂದು ದಿನ ಅದರ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ನಿಂತಿದ್ದೆ. ಹಿಂದಿನಿಂದ ಕೂಸು ಸೀನಿತು. ಕೈ ತೆಗೆದೆ. ಒಳ್ಳೆಯತನದಿಂದ ತೆಗೆದೆನೋ ಬೆಚ್ಚಿ ತೆಗೆದೆನೋ, ಈಗಲೂ ತಿಳಿಯದು.

ಎಲ್ಲರಿಗಿಂತ ಹೆಚ್ಚು ಸೊರಗಿದವಳು ಗಂಗಾಂಬಿಕೆ. ಹೆತ್ತವಳಿಗೆ ಸಿಕ್ಕುತ್ತಿದ್ದುದೂ ಎರಡು ಗಂಟೆ ಚಿಲ್ಲರೆಯೇ. ಹಾಲುಣಿಸಲು ಮನೆಯಿಂದ ಮನೆಗೆ ಹೋಗುತ್ತಿದ್ದಳು, ತನ್ನ ಮಗಳಿಗೆ ತಾನೇ ನೆಂಟಳಂತೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಕೂಸು ಹುಟ್ಟಿದ ಐದನೆಯ ತಿಂಗಳ ಮರುಬೆಲೆಯ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಹನ್ನೊಂದು ಬಾಗಿಲುಗಳ ಮೇಲೂ ಮೊತ್ತ ಒಂದೂವರೆಪಟ್ಟಾಗಿತ್ತು. ಕೂಸು ಮಾತ್ರ ಗೋಡೆಗಳ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಆರ್ಲೀನ್ ಕನ್ನಡಕ ಏರಿಸಿ ಕೆಳಗಿನ ಸಣ್ಣಕ್ಷರ ಓದಿದಳು: ನೆರೆಹೊರೆಯ ನಂಟು, ಅತಿ ಗಾಢ. ಬಾಗಿಲಿನಿಂದ ಬಾಗಿಲಿಗೆ ಓಡಾಡಿದ ನಮ್ಮ ಹೆಜ್ಜೆಗಳನ್ನು ಗೋಡೆಗಳು ಐದು ತಿಂಗಳೂ ಎಣಿಸಿದ್ದವು. ಒಬ್ಬರನ್ನೊಬ್ಬರು ಬಿಟ್ಟು ಹೋಗಲಾರದವರು ಎಂಬ ತೀರ್ಮಾನಕ್ಕೆ ಬಂದಿದ್ದವು. ತೀರ್ಮಾನ ಸುಳ್ಳೂ ಆಗಿರಲಿಲ್ಲ.

ಗಂಗಾಂಬಿಕೆ ಎಲ್ಲರ ಕ್ಷಮೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಗೋಡೆಗಳಿಗೆ ಅಂಜದೆ, ಕನ್ನಡದಲ್ಲಿ ಹೇಳಿದಳು: "ಕುಮುದಕ್ಕ, ಇನ್ನ ಸಾಕ್ರಿ. ಎಷ್ಟ ದಿನಾ ಅಂತ ಮಗಳ್ನ ಕದ್ದ ಮಾಲಿನಂಗ ಇಟ್ಕೊಳ್ಳೋದು? ಅಕಿ ಅತ್ರ ನನ್ನ ಮನ್ಯಾಗ ಅಳ್ಳಿ." ಇಂದುಧರನ ತೋಳಿನಿಂದ ಕೂಸನ್ನು ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅದು ಅತ್ತಿತು. ನಾವೆಲ್ಲ ಮೆಟ್ಟಿಲಲ್ಲಿ ನಿಂತೇ ಕೇಳಿದೆವು.

ಆರ್ಲೀನ್ ಅಂದು ಸಂಜೆ ಎಲ್ಲರನ್ನೂ ನದಿಯ ದಂಡೆಗೆ ಕರೆದಳು. ಬೇರೆಣಿಕೆ ಹೆದರುವುದು ಒಂದಕ್ಕೇ, ಖಾಲಿ ಕಟ್ಟಡಕ್ಕೆ ಎಂದಳು. ಹನ್ನೊಂದು ಮನೆಯೂ ಒಂದೇ ಬೆಳಿಗ್ಗೆ ತೆರವಿನ ಪತ್ರ ಕೊಟ್ಟರೆ ಮೊತ್ತ ಬಿದ್ದೇ ಬೀಳುತ್ತದೆ, ಬಿದ್ದ ಮೇಲೆ ಹೊಸ ಕರಾರು ಮಾಡಿಕೊಂಡು ಮರಳಬಹುದು. ಬರೀ ನಾಟಕವಾದರೆ ಗೋಡೆಗಳಿಗೆ ತಿಳಿಯುತ್ತದೆ, ನಿಜವಾಗಿ ಹೊರಡಬೇಕು. ಮರಳಲು ಆಗದೆಯೂ ಹೋಗಬಹುದು ಎಂಬುದನ್ನೂ ಅವಳು ಮುಚ್ಚಿಡಲಿಲ್ಲ. ಇಂದುಧರ ಹಿಂಜರಿದ. ಮಗಳ ಶಾಲೆ, ನನ್ನ ಕೆಲಸ, ಎಲ್ಲಕ್ಕೂ ಆ ಮನೆಯೇ ಹತ್ತಿರ ಎಂದ. ನಾನೇ ಮೊದಲು ಕೈ ಎತ್ತಿದೆ. ಆ ಗುಂಡಿಯ ಮೇಲಿಟ್ಟಿದ್ದ ಕೈ ಅದು, ಎತ್ತದೆ ಇರಲು ಆಗಲಿಲ್ಲ.

ವಸಂತದ ಆರಂಭ, ಚಳಿ ಇನ್ನೂ ಬಿಟ್ಟಿರಲಿಲ್ಲ. ಹನ್ನೊಂದು ಸಂಸಾರಗಳ ಮಂಚ, ಪಾತ್ರೆ, ಪೆಟ್ಟಿಗೆ ಒಂದೇ ದಿನ ಕೆಳಗಿಳಿದವು. ಹತ್ತಿರದ ಚರ್ಚಿನವರು ತಮ್ಮ ಸಭಾಂಗಣ ಬಿಟ್ಟುಕೊಟ್ಟರು. ಅಲ್ಲಿ ಒಂಬತ್ತು ದಿನ ಒಂದೇ ಸೂರಿನಡಿ ಮಲಗಿದೆವು, ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಅಡುಗೆ ಮಾಡಿದೆವು. ಆ ಗೋಡೆಗಳಿಗೆ ಕಿವಿ ಇರಲಿಲ್ಲ. ಜನ ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅಲ್ಲೇ. ಹತ್ತನೆಯ ಬೆಳಿಗ್ಗೆ, ಮುಂದಿನ ತಿಂಗಳ ಮೊದಲ ದಿನ, ಮೊತ್ತ ಕುಸಿಯಿತು, ನಾವು ಊಹಿಸಿದ್ದಕ್ಕಿಂತ ಕೆಳಕ್ಕೆ. ನಾವು ಕರಾರಿಗೆ ಸಾಲು ನಿಂತೆವು. ಆದರೆ ಇಡೀ ಊರೇ ಆ ಅಂಕಿಯನ್ನು ನೋಡುತ್ತಿತ್ತು. ಏಳು ಮನೆ ನಮ್ಮವರಿಗೆ ದಕ್ಕಿದವು, ನಾಲ್ಕು ಹೊಸದಾಗಿ ದಕ್ಷಿಣದಿಂದ ಬಂದವರ ಪಾಲಾದವು. ಅವರೂ ಮಕ್ಕಳೊಂದಿಗರು, ಅವರನ್ನು ಬಯ್ಯಲು ಬಾಯಿ ಬರಲಿಲ್ಲ. ಆ ನಾಲ್ಕರಲ್ಲಿ ನಮ್ಮದೂ ಒಂದು.

ಗಂಗಾಂಬಿಕೆಗೆ ಅವಳ ಮನೆ ಸಿಕ್ಕಿತು. ಕೀಲಿ ಹಿಡಿದು ನನ್ನ ಬಳಿ ಬಂದಳು. ನನ್ನ ಕೈಯಲ್ಲಿ ಕೂಸನ್ನಿಟ್ಟು ತಾನು ಅತ್ತ ತಿರುಗಿ ನಿಂತಳು. ಈಗ ಹೊನ್ನಿಗೆ ಒಂದು ವರ್ಷ ದಾಟಿದೆ. ಅಪ್ಪ ಹಡಗಿನಿಂದ ಮರಳಿದ್ದಾನೆ, ಅವಳು ಗೋಡೆ ಹಿಡಿದು ನಡೆಯುತ್ತಾಳೆ. ಪ್ರತಿ ಭಾನುವಾರ ಮೂರು ಗಂಟೆ ಹೊತ್ತು, ಅತಿಥಿಯಾಗಿ, ನಾನು ಅಲ್ಲಿದ್ದು ಬರುತ್ತೇನೆ. ನಾವು ಮೂವರು ನದಿಯ ಈಚೆ ಒಂದೇ ಕೋಣೆಯಲ್ಲಿದ್ದೇವೆ. ಇಂದುಧರ ನನ್ನನ್ನು ದೂರಿಲ್ಲ, ಹಾಡುವುದನ್ನು ಮಾತ್ರ ಬಿಟ್ಟಿದ್ದಾನೆ. ಇಲ್ಲಿ ಪಕ್ಕದ ಬಾಗಿಲಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ. ಮೊನ್ನೆ ಮಿಂಚು ಕೇಳಿದಳು: "ಅವ್ವಾ, ಬಾಜೂ ಮನಿಯವರ್ನ ಮಾತಾಡಿಸ್ಲ್ಯಾ?" ಬೇಡ ಅನ್ನಬೇಕೆಂದು ಬಾಯಿ ತೆರೆದೆ. ಹೋಗು ಎಂದೆ. ಅಂದಿನಿಂದ ಮುಂದಿನ ಮರುಬೆಲೆಗೆ ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಚಿ ಎಣಿಸುತ್ತಿದ್ದೇನೆ.

ಮುತ್ತಜ್ಜಿ, ಇದೆಲ್ಲ ಶುರುವಾದದ್ದು ನಿಮ್ಮ ವರ್ಷಗಳಲ್ಲಿ, ತೀರ ಸೌಜನ್ಯದಿಂದ. ಕರಾರು ಮುಗಿಯುವ ಮುಂಚೆ ನಿಮಗೊಂದು ನಮೂನೆ ಬರುತ್ತದೆ. ಮನೆ ಇಷ್ಟವಾಯಿತೆ, ಮಕ್ಕಳು ಹತ್ತಿರದ ಶಾಲೆಗೆ ಹೋಗುತ್ತಾರೆಯೆ, ಅಕ್ಕಪಕ್ಕದಲ್ಲಿ ಸ್ನೇಹಿತರಿದ್ದಾರೆಯೆ, ಎಷ್ಟು ವರ್ಷ ಇರುವ ಆಸೆ ಎಂದು ಕೇಳುತ್ತದೆ. ನಿಮ್ಮ ಮೇಲೆ ಅಕ್ಕರೆಯಿದ್ದಂತೆ ಕೇಳುತ್ತದೆ. ಬೇರೆಣಿಕೆಯ ಮೊದಲ ಸಾಲುಗಳು ಅಂಥ ಉತ್ತರಗಳಿಂದಲೇ ಹುಟ್ಟಿದವು. ದಯವಿಟ್ಟು ಆ ಚೌಕಗಳನ್ನು ಖಾಲಿ ಬಿಡಿ. ಇಲ್ಲೇ ಇರುವ ಆಸೆಯಿದ್ದರೆ ಮೆಟ್ಟಿಲು ಹತ್ತಿ ಹೋಗಿ ಮೇಲಿನ ಮನೆಯವರಿಗೆ ಬಾಯಿಬಿಟ್ಟು ಹೇಳಿ.

ನಿಮ್ಮ ಮರಿಮಗಳ ಮಗಳು,
ಕುಮುದಿನಿ