ಸದ್ದು ಮಾಡಿಕೊಂಡು ಬನ್ನಿ

ಬುಧವಾರ, ಮಧ್ಯಾಹ್ನ

ಕೈಗೆ ಹೊಲಿಗೆ ಹಾಕಿಸಿಕೊಂಡು ಅಕ್ಕನ ಮನೆ ಸೇರಿದ ನಮ್ಮ ಬೇಕರಿ ಯಜಮಾನರಿಗೆ,

ನಿಮ್ಮ ಕಾಗದ ಬಂತು. ಹೊಲಿಗೆ ಬಿಚ್ಚಿದರಂತೆ, ಬೆರಳು ಮಡಚಲು ಬರುತ್ತದಂತೆ. ಓದಿ ಜೀವ ತಣ್ಣಗಾಯಿತು. ವಾಪಸು ಬರಲೋ ಬೇಡವೋ ಒಂದು ಮಾತು ಹೇಳು ಎಂದಿದ್ದೀರಿ. ಒಂದು ಮಾತಿನಲ್ಲಿ ಮುಗಿಯುವುದಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ.

ಅವತ್ತು ನಡೆದದ್ದನ್ನು ನನ್ನ ಬಾಯಿಂದ ನೀವು ಒಮ್ಮೆಯೂ ಕೇಳಿಲ್ಲ. ನೀವು ಕೆಲಸದಿಂದ ಬಿಡಿಸಿದ ಹಿಟ್ಟು ನಾದುವವನು ಹಿಂಬಾಗಿಲಿನಿಂದ ಮಚ್ಚು ಹಿಡಿದು ಬಂದ. ಹೆಜ್ಜೆಯ ಸದ್ದೇ ಇರಲಿಲ್ಲ. ಅಡ್ಡ ಹೋದ, ಒಲೆ ನೋಡಿಕೊಳ್ಳುತ್ತಿದ್ದ ಭಟ್ಟಿಯಣ್ಣನ ಕುತ್ತಿಗೆಗೆ ಮೊದಲ ಏಟು. ಪಾಪ, ಆ ಮನುಷ್ಯ ಕೈಯಲ್ಲಿದ್ದ ಟ್ರೇ ಬಿಡದೆ ಟ್ರೇ ಸಮೇತ ಬಿದ್ದು ಸತ್ತ. ಬನ್ನುಗಳ ಮೇಲೆಲ್ಲ ರಕ್ತ. ಇನ್ನೊಂದು ಏಟು ನನ್ನ ಹೆಗಲಿಗೆ. ಮೂಳೆ ಮುರಿದದ್ದು ನನಗೇ ಕೇಳಿಸಿತು. ಆಮೇಲೆ ರಸ್ತೆಯ ಜನ ನುಗ್ಗಿ ಅವನನ್ನು ಅದೇ ನೆಲಕ್ಕೆ ಕೆಡವಿ ಚಚ್ಚಿದರು.

ಹೆಗಲು ಕೂಡಿಕೊಂಡಿತು, ತಲೆ ಕೂಡಿಕೊಳ್ಳಲಿಲ್ಲ. ಬ್ರೆಡ್ಡು ಬೇಯುವ ವಾಸನೆ ಬಂದರೆ ಬಾಯಲ್ಲಿ ರಕ್ತದ ರುಚಿ. ಪಕ್ಕದಂಗಡಿಯವನು ಶಟರ್ ಎಳೆದರೆ ಮೇಜಿನ ಕೆಳಗೆ ಇರುತ್ತೇನೆ. ಅಲ್ಲಿಗೆ ಹೇಗೆ ಹೋದೆನೋ ಗೊತ್ತಾಗುವುದಿಲ್ಲ. ಜೀವ ಉಳಿಯಿತಲ್ಲ, ಮರೆತುಬಿಡು ಅಂದರು ನಿಮ್ಮಕ್ಕ. ಮರೆಯುವುದು ನನ್ನ ಕೈಯಲ್ಲಿದ್ದರೆ ಮೊದಲು ಅವರನ್ನೇ ಮರೆಯುತ್ತಿದ್ದೆ.

ನಮ್ಮಲ್ಲಿ ಬಿಸಿ ಟ್ರೇ ಹಿಡಿದು ಯಾರ ಬೆನ್ನ ಹಿಂದೆ ಹೋದರೂ 'ಬಿಸಿ, ಬಿಸಿ' ಎಂದು ಕೂಗಬೇಕು. ನಾನು ಬೆಚ್ಚುತ್ತೇನೆಂದು ನೀವು ಕೂಗುವುದನ್ನೇ ಬಿಟ್ಟಿರಿ. ಚಪ್ಪಲಿ ಕಳಚಿಟ್ಟು ಬೆಕ್ಕಿನ ಹಾಗೆ ಓಡಾಡಿದಿರಿ. ಪ್ರೀತಿಯಿಂದಲೇ, ಗೊತ್ತು. ಆದರೆ ಹಾಗೆ ಸದ್ದಿಲ್ಲದೆ ಬಂದವನು ಅವನೊಬ್ಬನೇ. ಆಮೇಲೊಂದು ದಿನ ಬ್ರೆಡ್ಡು ಕೊಯ್ಯುತ್ತಿದ್ದೆ, ಕಿವಿಯ ಹತ್ತಿರ ಉಸಿರು ತಾಕಿತು, ತಿರುಗಿ ಚಾಕು ಬೀಸಿದೆ. ಮತ್ತೆ ಬೀಸಿದೆ. 'ನಾನು ಕಣೇ' ಎಂದು ನೀವು ಅಂದಾಗ ಕೈ ಇನ್ನೊಂದಕ್ಕೆ ಎತ್ತಿಯಾಗಿತ್ತು.

ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇನೆ. ಇಂಥದ್ದು ಕಂಡವರೆಲ್ಲ ನಡುಗುತ್ತಾರೆ, ಕೆಲವರಲ್ಲಿ ನಡುಕ ಬೇರು ಬಿಡುತ್ತದೆ ಎಂದರು. ಚಿಕ್ಕಂದಿನಲ್ಲಿ ಏಟು ತಿಂದಿದ್ದೀರಾ ಎಂದು ಕೇಳಿದರು; ಅಪ್ಪನ ಬೆಲ್ಟಿನ ವಿಷಯ ಹೇಳಿದೆ. ಆಮೇಲೆ, 'ಇದನ್ನೆಲ್ಲ ಮನೇಲಿ ಯಾರ ಹತ್ರ ಹೇಳ್ಕೊಂಡ್ರಿ?' ಎಂದರು. ಯಾರ ಹತ್ತಿರವೂ ಇಲ್ಲ ಎಂದೆ. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಗಾಯ ಒಳಗೇ ಕೊಳೆಯುತ್ತದಂತೆ. ನೀವು ನಿದ್ದೆಯಲ್ಲಿ ಹಲ್ಲು ಕಡಿದು ಬೆವರುವುದನ್ನೂ ಹೇಳಿದೆ. ನಿಮ್ಮನ್ನೂ ಕರೆತರಲು ಹೇಳಿದ್ದಾರೆ.

ಬನ್ನಿ. ಚಪ್ಪಲಿ ಹಾಕಿಕೊಂಡು, ಸದ್ದು ಮಾಡಿಕೊಂಡು, ಮುಂಬಾಗಿಲಿನಿಂದ ಬನ್ನಿ. ನೀವಿಲ್ಲದ ಮನೆ ನನಗೆ ಬೇಡ. ಆದರೆ ಅವನು ಮಚ್ಚು ಹಿಡಿದು ಬಂದ ದಿನದ ನಿಮ್ಮ ಪಾಲನ್ನು ಡಾಕ್ಟರಮ್ಮನ ಮುಂದೆ ನಿಮ್ಮ ಬಾಯಿಂದಲೇ ಹೇಳಬೇಕು. ಅದಾಗದಿದ್ದರೆ ಅಕ್ಕನ ಮನೆಯಲ್ಲೇ ಇರಿ.

ಇಂತಿ, ಇನ್ನೂ ನಿಮ್ಮವಳೇ ಆದ
ಗಲ್ಲಾಪೆಟ್ಟಿಗೆಯವಳು

ತಾ.ಕ.: ಮೈದಾ ತರಲು ಹೋಗಿದ್ದೆ ಎಂದು ಪೊಲೀಸರಿಗೆ ಹೇಳಿದಿರಿ. ಅವನು ಮಚ್ಚು ಎತ್ತಿ ಯಜಮಾನ ಎಲ್ಲಿ ಎಂದು ನನ್ನನ್ನು ಕೇಳಿದಾಗ, ಉಗ್ರಾಣದ ಒಳಗಿನಿಂದ ಚಿಲಕ ಬಿದ್ದದ್ದು ನನಗೆ ಕೇಳಿಸಿತ್ತು. ಊರಲ್ಲೇ ಇಲ್ಲ ಎಂದೆ. ನನ್ನ ಹೆಗಲಿಗೆ ಏಟು ಬಿದ್ದದ್ದು ಆಮೇಲೆ.