ದೀಪ ಆರಿಸಿದವಳ ಶಾಪ

ಕಾಗಿಣಾ ದಂಡೆ,
ತಂಪುಮಾಸದ ಮೂವತ್ತೆರಡನೆಯ ದಿನ, ಎರಡು ಸಾವಿರದ ಇನ್ನೂರ ಹತ್ತೊಂಬತ್ತನೆಯ ಇಸವಿ

ಎಂದೋ ತೀರಿಹೋದ ಹಿರಿಯರೇ,

ಇಂಥ ತಿಂಗಳೂ ಇಲ್ಲ, ಇಂಥ ತಾರೀಖೂ ಇಲ್ಲ ಎಂದು ಈ ಕಾಗದವನ್ನು ಬದಿಗಿಡಬೇಡಿ. ಇದು ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೂ ತಿಳಿಯದು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ, ನೀವು ಬರೆಯುತ್ತಿದ್ದ ಹಾಗೆ ಬರೆಯಲು ಯತ್ನಿಸಿದ್ದೇನೆ. ಕೆಲವು ಮಾತು ಒರಟಾಗಿ, ಕೆಲವು ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಮುಂದೆ ಹೇಳುವ ಯಾವುದಕ್ಕೂ ಕೇಳುವುದಿಲ್ಲ.

ತಂಪುಮಾಸವೆಂದರೆ ಎಳ್ಳಮವಾಸ್ಯೆ ಕಳೆದ ಮೇಲೆ ಬರುವ ನಮ್ಮ ಹದಿಮೂರನೆಯ ತಿಂಗಳು. ಸಮುದ್ರ ಮೇಲೆ ಬಂದು ಕರಾವಳಿಯ ಪಟ್ಟಣಗಳನ್ನು ನುಂಗಿದಾಗ ಜನ ನಮ್ಮ ಸುಣ್ಣಗಲ್ಲಿನ ಬಯಲಿಗೆ ಬಂದು ನೆಲೆಸಿದರು. ಅವರಿಗೆಲ್ಲ ಮನೆ ಕಟ್ಟಲು ಕಲ್ಲುಹಿಟ್ಟು ಬೇಕು. ನೀವು ಸಿಮೆಂಟ್ ಎನ್ನುತ್ತಿದ್ದುದೇ ಅದು. ನಮ್ಮೂರಿನ ಸ್ಥಾವರದಲ್ಲಿ ಅದನ್ನು ಸುಡುವ ಭಟ್ಟಿ ವರ್ಷವಿಡೀ ಉರಿಯುತ್ತದೆ, ಆ ಕಾವಿನಿಂದಲೇ ನಡೆಯುವ ಯಂತ್ರಗಳು ಊರಿನ ಮನೆಮನೆಗೂ ತಣ್ಣನೆಯ ಗಾಳಿ ಹರಿಸುತ್ತವೆ. ವರ್ಷಕ್ಕೊಮ್ಮೆ ಭಟ್ಟಿಯನ್ನು ಆರಿಸಿ, ತಣಿಸಿ, ಒಳಗನ್ನೆಲ್ಲ ನೋಡಿ ರಿಪೇರಿ ಮಾಡಬೇಕು. ನೀವು ಇದಕ್ಕೆ ಶಟ್‌ಡೌನ್ ಎನ್ನುತ್ತಿದ್ದಿರಂತೆ. ಭಟ್ಟಿಗೆ ತಂಪು, ನಮಗೆ ಬೇಗೆ. ನಮ್ಮ ಚಳಿಗಾಲವೇ ನಿಮ್ಮ ಬೇಸಿಗೆಯಷ್ಟು ಬಿಸಿ. ಮೊದಮೊದಲು ಜನ ಅಂಗಳದಲ್ಲಿ ಒಲೆ ಹೂಡಿ, ಕೂಡಿ ರೊಟ್ಟಿ ಬಡಿದು, ಭಜ್ಜಿ ಪಲ್ಯ ಹಂಚಿಕೊಂಡು ಉಣ್ಣುತ್ತಾರೆ. ಬರಬರುತ್ತ ಕೂಸುಗಳ ಮೈಮೇಲೆ ಬೆವರುಸಾಲೆ ಏಳುತ್ತದೆ, ಮುದುಕರ ಉಸಿರು ಕಟ್ಟುತ್ತದೆ, ಎಲ್ಲರ ಕಣ್ಣೂ ಭಟ್ಟಿಯ ಗೋಪುರದ ತುದಿಗೆ ನಾಟುತ್ತದೆ. ಯಾವಾಗ ಹೊಗೆ ಕಂಡೀತು?

ಆ ಗೋಪುರದೊಳಗೆ ಒಂದರ ಮೇಲೊಂದು ದೈತ್ಯ ಲಾಳಿಕೆಗಳಿವೆ. ಮೇಲಿನಿಂದ ಬಿದ್ದ ಕಲ್ಲುಪುಡಿ ಅವುಗಳಲ್ಲಿ ಸುತ್ತಿ ಸುತ್ತಿ ಕಾದು ಭಟ್ಟಿಗೆ ಇಳಿಯುತ್ತದೆ. ಇಳಿಯುವಾಗ ಗೋಡೆಗೆ ಅಂಟಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಬಂಡೆಯಷ್ಟು ಗಟ್ಟಿ, ಎತ್ತಿನಷ್ಟು ಭಾರ. ಲಾಳಿಕೆಯ ಒಳಗೋಡೆಯ ಇಟ್ಟಿಗೆ ಕೂರಿಸಲು ಮನುಷ್ಯನ ಕೈಯೇ ಬೇಕು. ಒಳಗೆ ಇಳಿಯುವವರನ್ನು ಒಳಗಾಳು ಎನ್ನುತ್ತೇವೆ. ಅವರು ಇಳಿಯುವ ಮೊದಲು ತುಂಬಿ ಇಳಿಯುತ್ತದೆ. ನಿಮ್ಮ ಡ್ರೋನಿಗೆ ನಾವಿಟ್ಟ ಹೆಸರು ತುಂಬಿ. ಅದನ್ನು ಕತ್ತಲ ಹೊಟ್ಟೆಯೊಳಗೆ ಹಾರಿಸಿ, ಎಲ್ಲಿ ಬಿರುಕು, ಎಲ್ಲಿ ಹೆಪ್ಪು ಎಂದು ಹೇಳುವುದು ನನ್ನ ಕೆಲಸ. ನನ್ನ ಹೆಸರು ಕಾಶೀಬಾಯಿ.

ನನ್ನ ತಮ್ಮ ಅಂಬಾರಾಯ ಒಳಗಾಳು. ಕೆಲಸದ ನಡುವೆ ನನ್ನ ತುಂಬಿ ಅವನ ಬಳಿಗೆ ಹಾರಿದರೆ ಕರಣೆಯನ್ನು ಕೆಳಗಿಟ್ಟು, ಅದರ ಕಣ್ಣಿಗೆ ಮುಖ ಹಿಡಿದು, "ಅಕ್ಕಾ, ಮಾರಿ ಛಂದ ಕಾಣ್ತದೇನ? ಹೆಣ್ಣು ಕೊಡ್ತಾರೇನ?" ಎಂದು ಹಲ್ಲು ಕಿರಿಯುತ್ತಿದ್ದ. ಕಣ್ಣೆರಡು ಬಿಟ್ಟು ಮುಖವೆಲ್ಲ ಸುಣ್ಣದ ಬಣ್ಣ.

ಹೋದ ವರ್ಷದ ತಂಪುಮಾಸದಲ್ಲಿ ಕೆಳಗಿನ ಲಾಳಿಕೆಯೊಳಗೆ ತುಂಬಿ ಒಂದು ದೊಡ್ಡ ಹೆಪ್ಪನ್ನು ಕಂಡಿತು. ತುಂಬಿ ಕಂಡದ್ದನ್ನು ತೋರಿಸುವ ತೆರೆಯ ಕೋಣೆಯಲ್ಲಿ ಸ್ಥಾವರದ ಮುಖ್ಯಸ್ಥ ಉದಯಭಾನು ನಿಂತಿದ್ದ. ಅವನ ಸುತ್ತ ಎಂಜಿನಿಯರುಗಳು.

"ಸರ, ಇಲ್ಲಿ ನೋಡ್ರಿ," ಎಂದೆ. "ಹೆಪ್ಪು ಗೋಡಿ ಬಿಟ್ಟದ. ನಡುವ ಸೀಳು ಕಾಣ್ಲಾಕತ್ತದ."

"ಹೋದ ವರ್ಷಾನೂ ಇಲ್ಲೇ ಇತ್ತಲ್ಲ ಕಾಶೀಬಾಯಿ? ಬಿತ್ತೇನು?"

"ಹೋದ ವರ್ಷ ಸೀಳು ಇರ್ಲಿಲ್ರಿ. ನೀರು ಹೊಡೆದು ಮೊದಲ ಕೆಡವ್ರಿ, ಆಮ್ಯಾಲ ಮಂದಿನ್ನ ಕಳಸ್ರಿ."

"ನೀರು ಕುಡಿದ ಇಟ್ಟಿಗಿ ಒಣಗೋತನಕ ಊರು ತಡೀತದೇನು? ಕೂಸುಗಳು ಬೇಯ್ಲಾಕತ್ತಾವ." ಅವನು ತೆರೆಯ ಹತ್ತಿರ ಬಗ್ಗಿ, ಆ ಸೀಳನ್ನು ನೋಡಿ, ನೆಟ್ಟಗಾದ. "ಇಳಸ್ರಿ ಮಂದೀನ."

ಎಂಜಿನಿಯರುಗಳು ತಮ್ಮ ಬೂಟುಗಳನ್ನು ನೋಡಿಕೊಂಡರು. ತುಂಬಿಯನ್ನು ಹಾರುತ್ತಿದ್ದ ಹಾಗೆಯೇ ಬಿಟ್ಟು ನಾನು ಗೋಪುರದ ಮೆಟ್ಟಿಲ ಕಡೆಗೆ ಓಡಿದೆ. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಗಾಡಿಯ ಕಲ್ಲು ಸುರಿದ ಹಾಗೆ ಸದ್ದಾಯಿತು. ಮೊದಲು ಇಳಿದವನು ಅಂಬಾರಾಯ. ಅವನನ್ನು ಹೊರಗೆ ಎಳೆದವನು ಒಳಗಾಳುಗಳ ಮುಖಂಡ ಮೈನುದ್ದೀನ್ ಮಾಮಾ. ನನಗೆ ಮುಖ ನೋಡಲು ಬಿಡಲಿಲ್ಲ. ತನ್ನ ರುಮಾಲು ಹೊದಿಸಿಬಿಟ್ಟಿದ್ದ.

ವಿಚಾರಣೆಯಲ್ಲಿ ಉದಯಭಾನು ತಣ್ಣಗೆ ಹೇಳಿದ: ತುಂಬಿ ತೋರಿಸಿದ್ದು ಮಸುಕಾಗಿತ್ತು, ಹಾರಿಸಿದವರು ಸ್ಪಷ್ಟವಾಗಿ ಎಚ್ಚರಿಸಲಿಲ್ಲ. ಬೂಟು ನೋಡಿಕೊಂಡವರು ಅಲ್ಲಿಯೂ ಬೂಟನ್ನೇ ನೋಡಿಕೊಂಡರು. ನನ್ನ ಕೈಯಿಂದ ತುಂಬಿಯನ್ನು ಕಿತ್ತುಕೊಂಡು, ನನ್ನನ್ನು ಚೀಲ ಹೊಲಿಯುವ ಕೊಟ್ಟಿಗೆಗೆ ಹಾಕಿದರು. ತಮ್ಮನನ್ನು ಕೊಂದವಳೆಂದು ಊರು ನನ್ನನ್ನು ನೋಡುವ ರೀತಿಯೇ ಬದಲಾಯಿತು.

"ಬಿಟ್ಟುಬಿಡವ್ವ," ಎಂದಳು ಅವ್ವ. "ಅವನ ಪಾಪ ಅವನ್ನ ತಿಂತದ."

"ಪಾಪದ ಹಲ್ಲು ಸಣ್ಣವು ಅವ್ವಾ. ಅದು ತಿನ್ನೂತನಕ ನಾ ಕಾಯಂಗಿಲ್ಲ."

ಹಗಲು ಚೀಲ ಹೊಲಿದೆ, ಸಂಜೆ ಒಳಗಾಳುಗಳ ಮನೆಗಳಿಗೆ ಹೋದೆ. ಕೆಲವರು ಬಾಗಿಲು ತೆರೆಯಲಿಲ್ಲ. ತೆರೆದವರಿಗೆ ಒಂದೇ ಮಾತು ಹೇಳಿದೆ: ಬರುವ ತಂಪುಮಾಸದಲ್ಲಿ ಸಾಹೇಬ ಕಾಲಿಡುವ ತನಕ ನೀವ್ಯಾರೂ ಒಳಗೆ ಕಾಲಿಡಬೇಡಿ. ಮೈನುದ್ದೀನ್ ಮಾಮಾ, "ಇಷ್ಟೇ ಏನು? ಇದನ್ನ ನಮ್ಮಪ್ಪನ ಕಾಲಕ್ಕೇ ಮಾಡಬೇಕಿತ್ತು," ಎಂದ. ಅವನು ಒಪ್ಪಿದ ಮೇಲೆ ಮುಚ್ಚಿದ ಬಾಗಿಲುಗಳೂ ತೆರೆದವು.

ಈ ವರ್ಷ ಭಟ್ಟಿ ಆರಿತು, ತಣಿಯಿತು, ಹಾಗೆಯೇ ಬಿದ್ದುಕೊಂಡಿತು. ಒಬ್ಬನೂ ಇಳಿಯಲಿಲ್ಲ. ಬೇಗೆ ತಡೆಯದೆ ಊರಿನವರು ಮೊದಲು ನಮ್ಮ ಮನೆಯ ಮೇಲೆ ಕಲ್ಲೆಸೆದರು. ಆಮೇಲೆ, ಒಳಗಾಳುಗಳು ಕೇಳಿದ್ದು ಇಷ್ಟೇ ತಾನೆ, ಸಾಹೇಬನೊಮ್ಮೆ ಇಳಿಯಲಿ ಎಂದು ಉದಯಭಾನುವಿನ ಕಡೆಗೆ ತಿರುಗಿದರು. ಊರಸಭೆ ಅವನಿಗೆ ಹೇಳಿತು: ಇಳಿ, ಇಲ್ಲವೇ ಕೆಲಸ ಬಿಡು.

ಅವನು ಚೀಲದ ಕೊಟ್ಟಿಗೆಗೆ ಬಂದ. "ಕಾಶೀಬಾಯಿ, ನಿಮ್ಮ ಕಣ್ಣಿನ ಮ್ಯಾಲ ನನಗ ನಂಬಿಕಿ ಅದ. ನೀವೇ ಹಾರಿಸ್ರಿ."

"ನನ್ನ ತುಂಬಿಗೆ ಮಸುಕು ಕಾಣ್ತದಲ್ರಿ?"

ನಾನು ಸೂಜಿ ಚುಚ್ಚಿಟ್ಟು ಎದ್ದೆ.

ಅದೇ ಲಾಳಿಕೆಯ ಬಾಯಲ್ಲಿ ಅವನು ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದ. ತೆರೆ ನನ್ನ ಮಡಿಲಲ್ಲಿತ್ತು, ನನ್ನೊಬ್ಬಳಿಗೇ ಕಾಣುತ್ತಿತ್ತು. ಒಳಗೆ ಮತ್ತೊಂದು ಹೆಪ್ಪು ತೂಗುತ್ತಿತ್ತು. ಅಂಚಿನಲ್ಲಿ ಸೀಳು.

"ಹೇಳ್ರಿ, ಹ್ಯಾಂಗದ?"

ಚೊಕ್ಕ ಅದ ರಿ, ಇಳೀರಿ. ಈ ಮಾತು ನಾಲಿಗೆಯ ತುದಿಯಲ್ಲಿತ್ತು. ವರ್ಷವಿಡೀ ಹೊಲಿಗೆ ಹೊಲಿಗೆಗೂ ಅದನ್ನೇ ಜಪಿಸಿದ್ದೆ. ಆದರೆ ಸತ್ತವನಿಗೆ ಹೆದರಿಕೆ ಇರುವುದಿಲ್ಲ. ಅವನು ಹೆದರಬೇಕಾಗಿತ್ತು, ಹೆದರಿ ಬದುಕಬೇಕಾಗಿತ್ತು. ದಯೆಯಿಂದ ನಿಜ ಹೇಳಿದೆನೆಂದು ತಿಳಿಯಬೇಡಿ.

"ಹೆಪ್ಪು ಅದ," ಎಂದೆ. "ನೀರು ಹೊಡೀರಿ."

ನೀರಿನ ಹೊಡೆತಕ್ಕೆ ಅದು ಬಿದ್ದಾಗ ಗೋಪುರವೇ ನಡುಗಿತು. ಉದಯಭಾನುವಿನ ತುಟಿ ಬೆಳ್ಳಗಾಯಿತು. ಇಟ್ಟಿಗೆ ಒಣಗಿದ ಮೇಲೆ ಮತ್ತೆ ತುಂಬಿ ಹಾರಿಸಿ, ಮೂಲೆ ಮೂಲೆ ನೋಡಿ, ಮೈನುದ್ದೀನ್ ಮಾಮಾನಿಗೂ ತೋರಿಸಿ, ಚೊಕ್ಕ ಅದ ಎಂದೆ. ಉದಯಭಾನು ಇಳಿದ. ತಲೆಗೆ ದೀಪ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಜೊತೆಗೆ ಹಾರುವ ತುಂಬಿಯದೇ ಬೆಳಕು. ನನ್ನ ತಮ್ಮ ಬಿದ್ದ ಜಾಗಕ್ಕೆ ಅವನು ಬಂದು ನಿಂತಾಗ ನಾನು ದೀಪ ಆರಿಸಿದೆ.

"ಕಾಶೀಬಾಯಿ? ದೀಪ ಹೋಯ್ತಲ್ರಿ!" ಅವನ ದನಿ ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳುತ್ತಿತ್ತು. ತುಂಬಿಯ ರೆಕ್ಕೆಯ ಗಾಳಿಗೆ ಗೋಡೆಯ ಮೇಲಿನ ಪುಡಿ ಉದುರಿ ಅವನ ಟೋಪಿಯ ಮೇಲೆ ಪಟಪಟ ಬೀಳುವುದು ಕೇಳಿಸಿತು. ಅದು ಬರೀ ಪುಡಿಯೆಂದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. "ಏನೋ ಬೀಳ್ಲಾಕತ್ತದ! ಎಳೀರಿ! ಯಾರರ ಎಳೀರಿ!"

ಹಗ್ಗ ಹಿಡಿದವರು ನನ್ನ ಮುಖ ನೋಡಿದರು. ಮೈನುದ್ದೀನ್ ಮಾಮಾ ಹೆಗಲ ಮೇಲೆ ಕೈಯಿಟ್ಟು, "ಸಾಕವ್ವ," ಎಂದ. ಸಾಕಾಗಿರಲಿಲ್ಲ. ಕತ್ತಲಲ್ಲಿ ಅವನು ಅಳತೊಡಗಿದ. "ನನಗ ಕಂಡಿತ್ತು... ಆವತ್ತು ಆ ಸೀಳು ನನಗ ಕಂಡಿತ್ತು ತಾಯಿ..."

ಆಗ ದೀಪ ಹಚ್ಚಿದೆ. ಅವನು ತಲೆಯ ಮೇಲೆ ಎರಡೂ ಕೈ ಹೊತ್ತು ಮೊಣಕಾಲಲ್ಲಿ ಕುಳಿತಿದ್ದ. ಚಡ್ಡಿ ಒದ್ದೆಯಾಗಿತ್ತು. ಎಳೆದು ಹೊರಗೆ ತಂದರು. ಅವನ ಮಾತನ್ನು ಕೇಳದವರು ಅಲ್ಲಿ ಯಾರೂ ಇರಲಿಲ್ಲ.

ವಿಚಾರಣೆ ಮತ್ತೆ ನಡೆಯಿತು. ಅವನ ಕೆಲಸ ಹೋಯಿತು, ನನ್ನ ತುಂಬಿ ನನಗೆ ಬಂತು. ಒಳಗು ಸುರಕ್ಷಿತವೆಂದು ಹೇಳಿದವನೇ ಮೊದಲು ಒಳಗೆ ಇಳಿಯಬೇಕೆಂದು ಊರಸಭೆ ಕಾನೂನು ಮಾಡಿತು. ಉದಯಭಾನು ಈಗ ಮಗಳ ಮನೆಯಲ್ಲಿದ್ದಾನೆ, ತಲೆಯ ಮೇಲೆ ಸೂರು ಇರುವ ಕಡೆ ಮಲಗುವುದಿಲ್ಲವಂತೆ. ಆ ಸುದ್ದಿ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ. ಮೈನುದ್ದೀನ್ ಮಾಮಾ ಮಾತ್ರ ಹೇಳಿದ: "ಅವನ ಬಾಯಿ ಬಿಡಿಸಿದ್ದು ಛಲೋ ಆತು. ಆದರ ಆವತ್ತು ನಿನ್ನ ಮಾರಿ ನಾ ನೋಡೀನವ್ವ. ಮತ್ತ ನೋಡೂದು ಬ್ಯಾಡ." ನಾನು ತುಂಬಿಯ ಕಣ್ಣು ಒರೆಸುತ್ತ ಕುಳಿತೆ.

ಹಿರಿಯರೇ, ಈ ಯಂತ್ರಗಳನ್ನು ಮೊದಲು ಹಾರಿಸಿದವರು ನೀವು. ಇನ್ನು ಕುರುಡಾಗಿ ಯಾರನ್ನೂ ಒಳಗೆ ಕಳಿಸಬೇಕಾಗಿಲ್ಲ ಎಂದು ನೀವು ಸಂಭ್ರಮಿಸಿದ್ದನ್ನು ಓದಿದ್ದೇನೆ. ಕುರುಡನಾಗಿ ಕಳಿಸಿದವನಿಗೆ ತಿಳಿಯಲಿಲ್ಲ ಎಂಬ ನೆಪವಿತ್ತು. ಕಂಡೂ ಕಳಿಸುವವನಿಗೆ ಯಾವ ನೆಪವಿದೆ? ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ದಾನದ ಮಾತು ಮುಗಿದ ಮೇಲೆ ಶಾಪದ ಮಾತು ಬರುತ್ತದೆ. ನಾನೂ ಹಾಗೆಯೇ ಮುಗಿಸುತ್ತೇನೆ. ತೆರೆಯ ಮೇಲೆ ಸಾವನ್ನು ಕಂಡು, ಹೋದ ವರ್ಷ ಬೀಳಲಿಲ್ಲವಲ್ಲ ಎಂದು ಇನ್ನೊಬ್ಬಳ ಮಗನನ್ನು ಇಳಿಸುವವನಿಗೆ ಉಂಡ ಅನ್ನ ಕಲ್ಲಾಗಲಿ. ಪಕ್ಕದಲ್ಲಿ ನಿಂತು ಬೂಟು ನೋಡಿಕೊಳ್ಳುವವನ ಕತ್ತು ಮತ್ತೆಂದೂ ಮೇಲೇಳದಿರಲಿ. ನೀವೆಲ್ಲ ತೀರಿಹೋಗಿದ್ದೀರಿ, ನನ್ನ ಸಿಟ್ಟು ನಿಮ್ಮನ್ನು ಮುಟ್ಟದು ಎಂದುಕೊಳ್ಳಬೇಡಿ. ನಿಮ್ಮ ಹೆಸರು ಹೇಳಿ ಎಡೆ ಇಡುವವರೂ ನಾವೇ, ಉಗುಳುವವರೂ ನಾವೇ.

ಇನ್ನೂ ಹುಟ್ಟದ ನಿಮ್ಮ ಮೊಮ್ಮಗಳು,
ಕಾಶೀಬಾಯಿ